ಕೆಲಸದವಳಿಗೂ ಒಂದು ಮನೆಯಿದೆ

ಅಮೆರಿಕದ ಸಿನಿಮಾ ಕಪ್ಪು ಹೆಂಗಸನ್ನು ಬಹಳ ಕಾಲ ಅಡಿಗೆಮನೆ ಬಿಟ್ಟು ಈಚೆ ಬರಗೊಡಲಿಲ್ಲ. ಬಂದರೂ ಅವಳ ಕೈಯಲ್ಲಿ ತಟ್ಟೆ ಇರಬೇಕಿತ್ತು. ತಲೆಗೆ ವಸ್ತ್ರ, ಸೊಂಟಕ್ಕೆ ಬಿಳಿ ಏಪ್ರನ್, ಮುಖದ ತುಂಬ ನಗು. ಧಣಿಯ ಮಗಳು ಅತ್ತರೆ ಇವಳು ಕಣ್ಣೊರೆಸಬೇಕು. ಧಣಿಯ ಮನೆಯಲ್ಲಿ ಮದುವೆಯಾದರೆ ಇವಳು ಹಿಗ್ಗಬೇಕು. ಇವಳಿಗೆ ಮಕ್ಕಳಿದ್ದವಾ? ಗಂಡ ಇದ್ದನಾ? ಪಾತ್ರೆ ತೊಳೆದಿಟ್ಟು ದೀಪ ಆರಿದ ಮೇಲೆ ಇವಳು ಎಲ್ಲಿಗೆ ಹೋಗುತ್ತಿದ್ದಳು? ಸಿನಿಮಾ ಕೇಳಲಿಲ್ಲ. ಕ್ಯಾಮೆರಾ ಧಣಿಯ ಮನೆಯಲ್ಲೇ ಉಳಿಯಿತು.

ಈ ಪಾತ್ರಕ್ಕೆ ಬಿಳಿಯರು ಇಟ್ಟ ಹೆಸರು ‘ಮ್ಯಾಮಿ’. 1939ರ ‘ಗಾನ್ ವಿತ್ ದಿ ವಿಂಡ್’ ಚಿತ್ರದಲ್ಲಿ ಈ ಪಾತ್ರ ಮಾಡಿ ಜಗತ್ತಿಗೆಲ್ಲ ಗೊತ್ತಾದವಳು ಹ್ಯಾಟಿ ಮೆಕ್‌ಡೇನಿಯಲ್. ಅವಳ ಅಪ್ಪ ಅವ್ವ ಇಬ್ಬರೂ ಗುಲಾಮರಾಗಿ ಹುಟ್ಟಿದವರು. ಆ ಚಿತ್ರದ ಮೊದಲ ಪ್ರದರ್ಶನ ಜಾರ್ಜಿಯಾ ರಾಜ್ಯದ ಅಟ್ಲಾಂಟ ನಗರದಲ್ಲಿ ನಡೆಯಿತು. ಅಲ್ಲಿನ ಬಣ್ಣಭೇದದ ಕಟ್ಟಳೆಯಿಂದಾಗಿ ಅವಳು ತಾನು ನಟಿಸಿದ ಚಿತ್ರದ ಪ್ರದರ್ಶನಕ್ಕೇ ಹೋಗಲಾಗಲಿಲ್ಲ. 1940ರ ಫೆಬ್ರವರಿ 29ರ ರಾತ್ರಿ ಲಾಸ್ ಏಂಜಲೀಸಿನ ಅಂಬಾಸಡರ್ ಹೋಟೆಲಿನಲ್ಲಿ ಅವಳಿಗೆ ಆಸ್ಕರ್ ಪ್ರಶಸ್ತಿ ಕೊಟ್ಟರು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ವ್ಯಕ್ತಿ ಅವಳೇ. ಆದರೆ ಜೊತೆಗೆ ನಟಿಸಿದ ಬಿಳಿಯರ ಪಂಕ್ತಿಯಲ್ಲಿ ಅವಳನ್ನು ಕೂರಿಸಲಿಲ್ಲ. ಅವಳಿಗೆ ಬೇರೆ ಮೇಜು, ದೂರದಲ್ಲಿ. 1952ರಲ್ಲಿ ಅವಳು ತೀರಿಕೊಂಡಾಗ ಅವಳು ಇಷ್ಟಪಟ್ಟಿದ್ದ ಹಾಲಿವುಡ್ ಸ್ಮಶಾನ ಅವಳ ಹೆಣಕ್ಕೆ ಜಾಗ ಇಲ್ಲವೆಂದಿತು. ಅದು ಬಿಳಿಯರ ಸ್ಮಶಾನ.

ಇಂಥ ಪಾತ್ರ ಮಾಡುವವರನ್ನು ಕಪ್ಪುಜನರ ಹಕ್ಕಿನ ಸಂಘಟನೆಯಾದ ಎನ್.ಎ.ಎ.ಸಿ.ಪಿ.ಯ ನಾಯಕ ವಾಲ್ಟರ್ ವೈಟ್ ಬಹಿರಂಗವಾಗಿ ಟೀಕಿಸಿದ. ಅದಕ್ಕೆ ಹ್ಯಾಟಿ ಕೊಟ್ಟ ಉತ್ತರ ಎಂದು ಒಂದು ಮಾತು ಇವತ್ತಿಗೂ ಜನರ ಬಾಯಲ್ಲಿದೆ. ವಾರಕ್ಕೆ ಏಳು ಡಾಲರಿಗೆ ಮನೆಗೆಲಸ ಮಾಡುವುದಕ್ಕಿಂತ ಏಳುನೂರು ಡಾಲರಿಗೆ ಮನೆಗೆಲಸದವಳ ಪಾತ್ರ ಮಾಡುವುದೇ ವಾಸಿ ಎಂಬುದು ಆ ಮಾತಿನ ಸಾರ. ಗೆಳೆಯರೇ, ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಾಡುಗಾರ್ತಿಯಾಗಿದ್ದ ಹ್ಯಾಟಿ ಕೆಲಸ ಸಿಗದೆ ಮಿಲ್ವಾಕಿ ನಗರದ ಒಂದು ಕ್ಲಬ್ಬಿನಲ್ಲಿ ಶೌಚಾಲಯದ ಆಳಾಗಿ ನಿಂತವಳು. ಹೊಟ್ಟೆ ತುಂಬಿದವರು ಅವಳಿಗೆ ಆತ್ಮಗೌರವದ ಪಾಠ ಹೇಳುವುದು ಸುಲಭ.

ಆದರೂ ಪ್ರಶ್ನೆ ಉಳಿದೇ ಇದೆ. ಕೂಲಿ ಬೇಕು ಅಂತ ಏನನ್ನಾದರೂ ಆಡಬಹುದೇ? ‘ಒಲ್ಲೆ’ ಅನ್ನಲು ಬಡವರಿಗೆ ಸಾಧ್ಯವೇ? ಅಂದರೆ ಅದರ ಬೆಲೆ ಎಷ್ಟು, ಕಟ್ಟುವವರು ಯಾರು? ಈ ಪ್ರಶ್ನೆಗಳನ್ನು ಬರೀ ಮಾತಿನಲ್ಲಿ ಅಲ್ಲ, ಅರವತ್ತು ವರ್ಷದ ದುಡಿಮೆಯಲ್ಲಿ ಕೇಳಿಕೊಂಡವಳು ಇನ್ನೊಬ್ಬ ನಟಿ, ಸಿಸಿಲಿ ಟೈಸನ್. ಅವಳ ಕತೆಯನ್ನು ಇಲ್ಲಿ ಹೇಳುತ್ತೇನೆ.

*

ಸಿಸಿಲಿ ಹುಟ್ಟಿದ್ದು 1924ರ ಡಿಸೆಂಬರ್ 19ರಂದು, ನ್ಯೂಯಾರ್ಕ್ ನಗರದಲ್ಲಿ. ಬೆಳೆದದ್ದು ಅಲ್ಲಿನ ಈಸ್ಟ್ ಹಾರ್ಲೆಮ್ ಕೇರಿಯಲ್ಲಿ. ತಂದೆತಾಯಿ ಕೆರಿಬಿಯನ್ ಸಮುದ್ರದ ನೆವಿಸ್ ಎಂಬ ಸಣ್ಣ ದ್ವೀಪದಿಂದ ಹೊಟ್ಟೆಪಾಡಿಗೆ ಬಂದವರು. ತಂದೆ ವಿಲಿಯಂ ಬಡಗಿ, ಗೋಡೆಗೆ ಬಣ್ಣವನ್ನೂ ಬಳಿಯುತ್ತಿದ್ದ. ತಾಯಿ ಫ್ರೆಡರಿಕಾ ಬಿಳಿಯರ ಮನೆಗಳಲ್ಲಿ ಕಸಮುಸುರೆ ಮಾಡುತ್ತಿದ್ದಳು. ಗಂಡ ಹೆಂಡತಿ ಬೇರೆಯಾದರು. ಮೂವರು ಮಕ್ಕಳು ತಾಯಿಯ ಜೊತೆ ಉಳಿದರು. ಎಳೆಯ ಹುಡುಗಿಯಾಗಿದ್ದಾಗಲೇ ಸಿಸಿಲಿ ಬೀದಿಯಲ್ಲಿ ನಿಂತು ಕೈಚೀಲ ಮಾರಿ ಮನೆಗೆ ಕಾಸು ತಂದಳು.

ಅಂದರೆ ಸಿನಿಮಾದವರು ‘ಮ್ಯಾಮಿ’ ಅಂತ ತೋರಿಸುತ್ತಿದ್ದ ಹೆಂಗಸು ಇವಳಿಗೆ ಅವ್ವ. ಕ್ಯಾಮೆರಾ ಹೋಗದ ಮನೆಯೇ ಇವಳ ಮನೆ. ಧಣಿಯ ಅಡಿಗೆಮನೆಯಲ್ಲಿ ನಗುತ್ತಿದ್ದ ಹೆಂಗಸು ರಾತ್ರಿ ಮನೆಗೆ ಬಂದು ಯಾವ ಮುಖ ಹೊತ್ತು ಕೂರುತ್ತಾಳೆ ಅನ್ನುವುದನ್ನು ಇವಳು ದಿನಾ ಕಂಡವಳು. ಮುಂದೆ ಇವಳ ನಟನೆಗೆ ಬಂದ ಬಲದ ಮೂಲ ಇಲ್ಲೇ ಇದೆ ಎಂದು ನನ್ನ ನಂಬಿಕೆ.

ತಾಯಿ ಮಹಾ ದೈವಭಕ್ತೆ. ಸಿನಿಮಾ, ನಾಟಕ ಎಲ್ಲ ಪಾಪದ ಕೂಪ ಅನ್ನುವವಳು. ಮಗಳು ಚರ್ಚಿನಲ್ಲಿ ಹಾಡಬಹುದು, ಪಿಯಾನೋ ನುಡಿಸಬಹುದು, ಸಿನಿಮಾ ನೋಡುವಂತಿಲ್ಲ. ಎಳೆ ಹರೆಯದಲ್ಲೇ ಸಿಸಿಲಿ ಒಂದು ಹೆಣ್ಣುಮಗುವಿನ ತಾಯಾದಳು. ಹದಿನೆಂಟಕ್ಕೆ ಮದುವೆ, ಬೇಗನೆ ಆ ಮದುವೆಯೂ ಮುರಿಯಿತು. ಹೈಸ್ಕೂಲು ಮುಗಿಸಿ ಅಮೆರಿಕನ್ ರೆಡ್‌ಕ್ರಾಸ್ ಕಚೇರಿಯಲ್ಲಿ ಟೈಪಿಸ್ಟ್ ಆದಳು. ಕೂಲಿಯವರ ಮಗಳಿಗೆ ಮೇಜು, ಕುರ್ಚಿ, ತಿಂಗಳ ಸಂಬಳ! ನಮ್ಮಂಥವರ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಕನಸು ಏನಿರುತ್ತದೆ? ಆದರೆ ಒಂದು ದಿನ ಅವಳು, ದೇವರು ನನ್ನನ್ನು ಜೀವಮಾನವೆಲ್ಲ ಟೈಪು ಕುಟ್ಟಲಿ ಅಂತ ಹುಟ್ಟಿಸಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟಳು. ಫ್ಯಾಷನ್ ಪತ್ರಿಕೆಗಳಿಗೆ ರೂಪದರ್ಶಿಯಾದಳು, ಅಲ್ಲಿಂದ ನಟನೆಗೆ ಬಂದಳು. ತಾಯಿ ಮನೆಯಿಂದ ಹೊರಗೆ ಹಾಕಿದಳು. ತಾಯಿ ಮಗಳು ಎರಡು ವರ್ಷ ಮಾತಾಡಲಿಲ್ಲ.

ತಾಯಿಯನ್ನು ಇಲ್ಲಿ ಕೆಟ್ಟವಳು ಅಂತ ಯಾರೂ ತಿಳಿಯಬಾರದು. ಬಣ್ಣ ಹಚ್ಚಿದ ಕಪ್ಪು ಹೆಣ್ಣಿಗೆ ಆ ಲೋಕ ಏನು ಇಟ್ಟಿತ್ತು ಎಂಬುದು ಆಕೆಗೂ ಗೊತ್ತಿತ್ತು. ತಾನು ಹೊಟ್ಟೆಗಾಗಿ ಮಾಡುತ್ತಿದ್ದ ಕೆಲಸವನ್ನೇ ಮಗಳು ಕಾಸಿಗಾಗಿ ನಕ್ಕು ತೋರಿಸಬೇಕಾದೀತು ಅನ್ನುವ ಭಯ ಯಾವ ತಾಯಿಗೆ ಇರುವುದಿಲ್ಲ?

*

1961ರಲ್ಲಿ ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಪ್ಲೇಹೌಸ್ ಎಂಬ ಸಣ್ಣ ರಂಗಮಂದಿರದಲ್ಲಿ ಫ್ರೆಂಚ್ ಲೇಖಕ ಜಾನ್ ಜನೆಯ ‘ದಿ ಬ್ಲ್ಯಾಕ್ಸ್’ ನಾಟಕ ಶುರುವಾಯಿತು. ಕಪ್ಪು ನಟರೇ ತುಂಬಿದ್ದ ನಾಟಕ. ಜೇಮ್ಸ್ ಅರ್ಲ್ ಜೋನ್ಸ್, ಲೂಯಿ ಗಾಸೆಟ್, ಮಾಯಾ ಏಂಜಲೊ, ಜೊತೆಗೆ ಸಿಸಿಲಿ. ಕೆಲವರು ಬಿಳಿ ಮುಖವಾಡ ಹಾಕಿಕೊಂಡು ಬಿಳಿ ರಾಣಿ, ನ್ಯಾಯಾಧೀಶ, ಪಾದ್ರಿಗಳಾಗಿ ಕೂತು ಕೆಳಗಿನ ಕಪ್ಪುಜನರ ವಿಚಾರಣೆ ನೋಡುತ್ತಾರೆ. ಬಿಳಿಯರು ಕರಿಯರ ವೇಷ ಹಾಕಿ ಗೇಲಿ ಮಾಡಿದ ದೇಶದಲ್ಲಿ ಇದು ತಿರುಗೇಟು. ಆ ನಾಟಕ 1,400ಕ್ಕೂ ಹೆಚ್ಚು ಪ್ರಯೋಗ ಕಂಡಿತು. ಮುಂದಿನ ಕಾಲದ ಕಪ್ಪು ನಟರ ಒಂದು ಪೀಳಿಗೆಗೆ ಅದೇ ಗರಡಿ.

1963ರ ಸೆಪ್ಟೆಂಬರಿನಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಂ ನಗರದ ಚರ್ಚಿಗೆ ಬಿಳಿಯ ಮತಾಂಧರು ಬಾಂಬಿಟ್ಟು ನಾಲ್ಕು ಜನ ಕಪ್ಪು ಹುಡುಗಿಯರನ್ನು ಕೊಂದರು. ಅದೇ ತಿಂಗಳು ಸಿ.ಬಿ.ಎಸ್. ಟೆಲಿವಿಷನ್ನಿನಲ್ಲಿ ‘ಈಸ್ಟ್ ಸೈಡ್/ವೆಸ್ಟ್ ಸೈಡ್’ ಎಂಬ ವಾರದ ನಾಟಕಮಾಲೆ ಆರಂಭವಾಯಿತು. ನ್ಯೂಯಾರ್ಕಿನ ಕೊಳೆಗೇರಿಗಳಲ್ಲಿ ಕೆಲಸ ಮಾಡುವ ಒಬ್ಬ ಸಮಾಜ ಕಾರ್ಯಕರ್ತನ ಕತೆ ಅದು. ಆ ಕಚೇರಿಯ ಕಾರ್ಯದರ್ಶಿ ಜೇನ್ ಫಾಸ್ಟರ್ ಆಗಿ ಸಿಸಿಲಿ ಬಂದಳು. ಟೆಲಿವಿಷನ್ನಿನ ಗಂಭೀರ ನಾಟಕಮಾಲೆಯಲ್ಲಿ ಕಾಯಂ ಪಾತ್ರ ಸಿಕ್ಕಿದ ಮೊದಮೊದಲ ಕಪ್ಪು ನಟಿಯರಲ್ಲಿ ಇವಳೊಬ್ಬಳು. ಹಾರ್ಲೆಮ್ಮಿನ ಮನೆಯೊಂದರಲ್ಲಿ ಇಲಿ ಕಚ್ಚಿ ಕೂಸೊಂದು ಸಾಯುವ ಕಂತನ್ನು ದಕ್ಷಿಣದ ಕೆಲವು ಕೇಂದ್ರಗಳು ಬಿತ್ತರಿಸಲು ಒಪ್ಪಲಿಲ್ಲ. ಇಲಿ ಇದ್ದದ್ದು ಅವರಿಗೆ ತೊಂದರೆಯಾಗಲಿಲ್ಲ. ಇಲಿಯನ್ನು ತೋರಿಸಿದ್ದು ತೊಂದರೆಯಾಯಿತು. 26 ಕಂತುಗಳಿಗೆ, 1964ರಲ್ಲಿ, ಮಾಲೆ ನಿಂತುಹೋಯಿತು.

ಆ ಮಾಲೆಯಲ್ಲಿ ಅವಳು ಆಡಿದ ಮಾತಿಗಿಂತ ಹೆಚ್ಚು ಗದ್ದಲ ಎಬ್ಬಿಸಿದ್ದು ಅವಳ ತಲೆಗೂದಲು. ಆಗೆಲ್ಲ ಕಪ್ಪು ಹೆಂಗಸರು ಕಬ್ಬಿಣದ ಬಾಚಣಿಗೆಯನ್ನು ಒಲೆಯ ಮೇಲೆ ಕಾಯಿಸಿ, ನೆತ್ತಿ ಸುಟ್ಟುಕೊಂಡು, ಗುಂಗುರು ಕೂದಲನ್ನು ಬಿಳಿಯರ ಕೂದಲಿನಂತೆ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಸಿಸಿಲಿ ತನ್ನ ಕೂದಲನ್ನು ಗಿಡ್ಡ ಕತ್ತರಿಸಿ, ಅದು ಹುಟ್ಟಿದ ಹಾಗೇ ಬಿಟ್ಟು, ಇಡೀ ದೇಶದ ಮುಂದೆ ಬಂದು ನಿಂತಳು. ‘ಕಪ್ಪು ಸುಂದರ’ ಎಂಬ ಘೋಷಣೆ ಮನೆಮಾತಾಗುವುದಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ಅವಳಿಗೆ ರಾಶಿ ಪತ್ರ ಬಂದವು. ಹೊಗಳಿದವರಿದ್ದರು, ನಮ್ಮ ಮಾನ ಕಳೆದೆ ಅಂತ ಬೈದ ಕಪ್ಪುಜನರೂ ಇದ್ದರು. ನಿನ್ನಿಂದ ನಮ್ಮ ಗಿರಾಕಿ ತಪ್ಪುತ್ತಿದ್ದಾರೆ ಎಂದು ಕೇಶಾಲಂಕಾರದ ಅಂಗಡಿಯವರೂ ದೂರಿದರೆಂದು ಅವಳೇ ಹೇಳಿಕೊಂಡಿದ್ದಾಳೆ. ತುಳಿದವರ ಕಣ್ಣಿನಿಂದಲೇ ನಮ್ಮನ್ನು ನಾವು ನೋಡಿಕೊಳ್ಳುವ ಚಾಳಿ ನೆತ್ತಿಯ ಮೇಲೂ ಕೂತಿರುತ್ತದೆ. ಅದನ್ನು ಇಳಿಸುವುದೂ ಹೋರಾಟವೇ.

*

ಈಗ ಅವಳ ‘ಒಲ್ಲೆ’ಗೆ ಬರೋಣ. ಸೂಳೆಯ ಪಾತ್ರ, ಕೊಡಚಿಯ ಪಾತ್ರ, ಹಲ್ಲುಕಿರಿಯುವ ಆಳಿನ ಪಾತ್ರ, ಇವು ಬಂದಾಗೆಲ್ಲ ಸಿಸಿಲಿ ಒಲ್ಲೆ ಅಂದಳು. ಅದರಿಂದಾಗಿ ಕೆಲಸವೇ ಇಲ್ಲದೆ ಎಷ್ಟೋ ಕಾಲ ಕೂತಳು. ಆದರೆ ಗಮನಿಸಿ, ಮನೆಗೆಲಸದವಳ ಪಾತ್ರವನ್ನೇ ಮಾಡುವುದಿಲ್ಲ ಎಂದು ಅವಳು ಹೇಳಲಿಲ್ಲ. 1968ರ ‘ದಿ ಹಾರ್ಟ್ ಈಸ್ ಎ ಲೋನ್ಲಿ ಹಂಟರ್’ ಚಿತ್ರದಲ್ಲಿ ಅವಳದು ಪೋರ್ಷಿಯ ಎಂಬ ಮನೆಗೆಲಸದವಳ ಪಾತ್ರವೇ. ಆದರೆ ಪೋರ್ಷಿಯಳಿಗೆ ಒಬ್ಬ ಅಪ್ಪನಿದ್ದಾನೆ. ಅವನು ಓದಿದವನು, ಡಾಕ್ಟರು. ಮಗಳು ಬಿಳಿಯರ ಮನೆಯಲ್ಲಿ ದುಡಿಯುವುದು ಅವನಿಗೆ ಆಗದು. ಅವಳಿಗೆ ಗಂಡನಿದ್ದಾನೆ, ಸಿಟ್ಟಿದೆ, ಅಪ್ಪನ ಮುಂದೆ ನಿಂತು ಹೇಳುವ ಮಾತಿದೆ. ಅವಳಿಗೆ ಒಂದು ಮನೆಯಿದೆ.

ವ್ಯತ್ಯಾಸ ಇರುವುದು ಇಲ್ಲಿ. ಸಿಸಿಲಿ ಬೇಡವೆಂದದ್ದು ಕಸಬರಿಕೆಯನ್ನಲ್ಲ. ಕಸಬರಿಕೆ ಹಿಡಿದವಳಿಗೆ ಬೇರೆ ಬದುಕೇ ಇಲ್ಲ ಎಂಬ ಸುಳ್ಳನ್ನು. ದುಡಿಮೆ ಅವಮಾನವಲ್ಲ. ದುಡಿಯುವವಳನ್ನು ದುಡಿಮೆಯಷ್ಟಕ್ಕೇ ಇಳಿಸುವುದು ಅವಮಾನ.

ಇದು ಪೂರ್ತಿ ಬೆಳಕಿಗೆ ಬಂದದ್ದು 1972ರ ‘ಸೌಂಡರ್’ ಚಿತ್ರದಲ್ಲಿ. ಆ ಚಿತ್ರ ಅರ್ಥವಾಗಬೇಕಾದರೆ ಅಮೆರಿಕದ ದಕ್ಷಿಣದ ಕೋರು ಬೇಸಾಯ ಏನೆಂದು ತಿಳಿದಿರಬೇಕು. 1865ರಲ್ಲಿ ಕಾನೂನಿನ ಪ್ರಕಾರ ಗುಲಾಮಗಿರಿ ಹೋಯಿತು. ಆದರೆ ಬಿಡುಗಡೆಯಾದವರಿಗೆ ಭೂಮಿ ಸಿಗಲಿಲ್ಲ. ಭೂಮಿ ಹಳೆಯ ಧಣಿಗಳ ಕೈಯಲ್ಲೇ ಉಳಿಯಿತು. ಅದೇ ಜನ ಅದೇ ಹೊಲಕ್ಕೆ ಪಾಲಿಗೆ ದುಡಿಯಲು ಬಂದರು. ಬೀಜ, ಹೇಸರಗತ್ತೆ, ನೇಗಿಲು, ವರ್ಷದ ಊಟದ ಸಾಮಾನು ಎಲ್ಲ ಧಣಿಯ ಹತ್ತಿರ ಅಥವಾ ಅವನ ಅಂಗಡಿಯಲ್ಲಿ ಸಾಲ. ಸುಗ್ಗಿಯಲ್ಲಿ ಹತ್ತಿ ಬೆಳೆದರೆ ಅರ್ಧ ಧಣಿಗೆ. ಉಳಿದರ್ಧದಲ್ಲಿ ಸಾಲ ಮುರಿದುಕೊಳ್ಳುತ್ತಾನೆ. ಲೆಕ್ಕದ ಪುಸ್ತಕ ಅವನದು, ಬಡ್ಡಿ ಅವನು ಹೇಳಿದ್ದು, ಓದುಬರಹ ಬಾರದವನು ಹೆಬ್ಬೆಟ್ಟು ಒತ್ತಬೇಕು. ಸುಗ್ಗಿ ಮುಗಿದಾಗ ಇನ್ನೂ ಸಾಲ ಬಾಕಿ. ಸರಪಳಿ ಹೋಗಿ ಪುಸ್ತಕ ಬಂತು, ಅಷ್ಟೇ. ಇದನ್ನು ಈ ಪತ್ರಿಕೆಯ ಓದುಗರಿಗೆ ಇನ್ನೂ ಬಿಡಿಸಿ ಹೇಳುವ ಅಗತ್ಯವಿಲ್ಲ.

‘ಸೌಂಡರ್’ 1933ರ ಲೂಸಿಯಾನದ ಅಂಥ ಒಂದು ಸಂಸಾರದ ಕತೆ. ಮನೆಯಲ್ಲಿ ತಿನ್ನಲು ಇಲ್ಲ. ಗಂಡ ನೇಥನ್ ಲೀ ಮಕ್ಕಳಿಗಾಗಿ ಮಾಂಸ ಕದಿಯುತ್ತಾನೆ. ಷೆರೀಫ್ ಬಂದು ಹಿಡಿದುಕೊಂಡು ಹೋಗುತ್ತಾನೆ. ಬೆನ್ನುಹತ್ತಿದ ನಾಯಿಗೆ ಗುಂಡು ಬೀಳುತ್ತದೆ. ಅವನಿಗೆ ಒಂದು ವರ್ಷದ ಕಠಿಣ ದುಡಿಮೆಯ ಶಿಕ್ಷೆ. ಯಾವ ಶಿಬಿರಕ್ಕೆ ಕಳಿಸಿದ್ದಾರೆಂದು ಹೆಂಡತಿಗೂ ಹೇಳುವುದಿಲ್ಲ. ಧಣಿಗೆ ಮಾತ್ರ ಬೆಳೆ ಬೇಕೇ ಬೇಕು. ಹೆಂಡತಿ ರೆಬೆಕಾ ಮಕ್ಕಳನ್ನು ಕಟ್ಟಿಕೊಂಡು ಉತ್ತು ಬಿತ್ತು ಕೊಯ್ದು ಧಣಿಯ ಪಾಲು ಒಪ್ಪಿಸುತ್ತಾಳೆ. ದೊಡ್ಡ ಮಗ ಡೇವಿಡ್ ಅಪ್ಪನನ್ನು ಹುಡುಕುತ್ತ ನಡೆದುಕೊಂಡು ಹೋಗುತ್ತಾನೆ. ಅಪ್ಪ ಸಿಗುವುದಿಲ್ಲ. ಒಬ್ಬ ಕಪ್ಪು ಮೇಡಂ ನಡೆಸುವ ಶಾಲೆ ಸಿಗುತ್ತದೆ.

ಈ ಚಿತ್ರದ ಬಗ್ಗೆ ಎರಡು ಸಂಗತಿಗಳನ್ನು ನೆನಪಿಡಬೇಕು.

ಒಂದು: ನಿರ್ದೇಶಕ ಮಾರ್ಟಿನ್ ರಿಟ್ ಸಿಸಿಲಿಗೆ ಮೊದಲು ಕೊಡಲು ಬಂದದ್ದು ಆ ಶಾಲೆಯ ಮೇಡಮ್ಮಿನ ಪಾತ್ರ. ರೆಬೆಕಾ ಆಗಲು ನಿನ್ನ ವಯಸ್ಸು, ರೂಪ ಒಪ್ಪುವುದಿಲ್ಲ ಎಂಬುದು ಅವನ ವಾದ. ಓದಿದ, ಒಳ್ಳೆ ಬಟ್ಟೆ ತೊಟ್ಟ ಟೀಚರ ಪಾತ್ರ! ಗೌರವ ಬೇಕು ಅನ್ನುವವರು ಅದನ್ನೇ ಹಿಡಿಯುತ್ತಿದ್ದರು. ಸಿಸಿಲಿ ಒಲ್ಲೆ ಅಂದಳು. ನನಗೆ ರೆಬೆಕಾ ಬೇಕು, ಹರಿದ ಬಟ್ಟೆಯ, ಧಣಿಯ ಹೊಲ ಉಳುವ ರೆಬೆಕಾ ಬೇಕು ಎಂದು ಹಟ ಹಿಡಿದು ಪಡೆದಳು. ಗೌರವ ಅನ್ನುವುದು ಮೇಲಿನ ಮೆಟ್ಟಿಲಲ್ಲಿ ಕೂತಿದೆ, ಹತ್ತಿಹೋಗಿ ತರಬೇಕು ಎಂದು ಅವಳು ತಿಳಿಯಲಿಲ್ಲ. ಅದು ಹೊಲದಲ್ಲೇ ಇದೆ, ನೋಡುವ ಕಣ್ಣು ಬೇಕು ಅಂದುಕೊಂಡಳು. ಓದಿ ಪದವಿ ಪಡೆದ ನಾವು, ಅವ್ವನ ಸೀರೆಯ ವಾಸನೆ ಕಂಡರೆ ಮುಖ ತಿರುಗಿಸುವುದನ್ನು ಬೇಗ ಕಲಿಯುವ ನಾವು, ಈ ಆಯ್ಕೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಎರಡು: ಚಿತ್ರಕ್ಕೆ ಆಧಾರವಾದದ್ದು ವಿಲಿಯಂ ಆರ್ಮ್‌ಸ್ಟ್ರಾಂಗ್ ಎಂಬ ಬಿಳಿಯ ಲೇಖಕ 1969ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿ. ಬಹುಮಾನ ಪಡೆದ ಪುಸ್ತಕ. ಅದರಲ್ಲಿ ಅಪ್ಪ ಇದ್ದಾನೆ, ಅವ್ವ ಇದ್ದಾಳೆ, ಹುಡುಗ ಇದ್ದಾನೆ. ಯಾರಿಗೂ ಹೆಸರಿಲ್ಲ. ಹೆಸರಿರುವುದು ನಾಯಿಗೆ ಮಾತ್ರ, ಸೌಂಡರ್ ಅಂತ! ಚಿತ್ರಕತೆ ಬರೆದವನು ಲಾನಿ ಎಲ್ಡರ್ ಎಂಬ ಕಪ್ಪು ನಾಟಕಕಾರ. ಅವನ ಚಿತ್ರಕತೆಯಲ್ಲಿ ಆ ಮನುಷ್ಯರಿಗೆ ಹೆಸರು ಬಂತು. ರೆಬೆಕಾ ಎಂದರೆ ರೆಬೆಕಾ, ನೇಥನ್ ಎಂದರೆ ನೇಥನ್. ಲೇಖಕ ದುರುದ್ದೇಶದಿಂದ ಹಾಗೆ ಬರೆದ ಎಂದು ನಾನು ಹೇಳುತ್ತಿಲ್ಲ. ಹೆಸರಿಲ್ಲದವರು ಎಲ್ಲರನ್ನೂ ಪ್ರತಿನಿಧಿಸುತ್ತಾರೆ ಎಂದು ವಾದಿಸಬಹುದು. ಆದರೆ ನೂರಾರು ವರ್ಷ ‘ಲೇ ಹುಡುಗ’, ‘ಲೇ ಕರಿಯ’ ಅನ್ನಿಸಿಕೊಂಡವರ ಮಗ ಬರೆಯಲು ಕೂತಾಗ ಮೊದಲು ಹೆಸರಿಡುತ್ತಾನೆ. ಲೇಖನಿ ಯಾರ ಕೈಯಲ್ಲಿದೆ ಎಂಬುದು ಹೀಗೆ ಗೊತ್ತಾಗುತ್ತದೆ.

ಕೊನೆಗೆ ಒಂದು ದಿನ ದೂರದ ದಾರಿಯಲ್ಲಿ ಕುಂಟುತ್ತ ಯಾರೋ ಬರುತ್ತಾರೆ. ನಾಯಿ ಬೊಗಳುತ್ತದೆ. ರೆಬೆಕಾ ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಆಮೇಲೆ ಓಡುತ್ತಾಳೆ. ಬಿರುಬಿಸಿಲಿನಲ್ಲಿ ಕೈ ಚಾಚಿ, ಗಂಡನ ಹೆಸರು ಕೂಗುತ್ತ, ಧೂಳಿನ ದಾರಿಯಲ್ಲಿ ಓಡುತ್ತಾಳೆ. ಹಾಲಿವುಡ್ ಕಪ್ಪು ಹೆಂಗಸಿನ ಅಳು ತೋರಿಸಿತ್ತು, ನಗು ತೋರಿಸಿತ್ತು. ತನ್ನ ಗಂಡನಿಗಾಗಿ ಹೀಗೆ ಓಡುವ ಪ್ರೀತಿ ತೋರಿಸಿದ್ದು ತೀರ ಅಪರೂಪ. ಆ ಓಟಕ್ಕೆ ಹೊಸಿಲು ಬೇಕು, ದಾರಿ ಬೇಕು. ಅಂದರೆ ಕ್ಯಾಮೆರಾ ಧಣಿಯ ಮನೆ ಬಿಟ್ಟು ಇವಳ ಮನೆಯ ಮುಂದೆ ಬಂದು ನಿಂತಿರಬೇಕು.

ಸಿಸಿಲಿಗೆ ಶ್ರೇಷ್ಠ ನಟಿ ಆಸ್ಕರಿಗೆ ನಾಮಕರಣವಾಯಿತು. ಅದೇ ವರ್ಷ ಡಯಾನಾ ರಾಸ್‌ಗೂ ಆಯಿತು. ಒಂದೇ ವರ್ಷ ಇಬ್ಬರು ಕಪ್ಪು ಹೆಂಗಸರು ಆ ಪಟ್ಟಿಗೆ ಬಂದದ್ದು ಅದೇ ಮೊದಲು. ಅದಕ್ಕೆ ಮುಂಚೆ ಬಂದವಳು ಡರೊತಿ ಡ್ಯಾಂಡ್ರಿಜ್ ಒಬ್ಬಳೇ. ಪ್ರಶಸ್ತಿ ಇಬ್ಬರಿಗೂ ಬರಲಿಲ್ಲ. ಆ ವಿಭಾಗದಲ್ಲಿ ಒಬ್ಬ ಕಪ್ಪು ನಟಿ ಗೆಲ್ಲಲು 2002ರ ತನಕ ಕಾಯಬೇಕಾಯಿತು. ಗೆದ್ದವಳು ಹ್ಯಾಲಿ ಬೆರಿ.

*

ಚಿತ್ರದ ಪ್ರಚಾರಕ್ಕೆ ಊರೂರು ತಿರುಗುವಾಗ ಫಿಲಡೆಲ್ಫಿಯದಲ್ಲಿ ನಡೆದದ್ದನ್ನು ಸಿಸಿಲಿ ಮತ್ತೆ ಮತ್ತೆ ಹೇಳುತ್ತಿದ್ದಳು. ಒಬ್ಬ ಬಿಳಿಯ ಪತ್ರಕರ್ತ ಎದ್ದು ನಿಂತ. ನನಗೆ ಪೂರ್ವಗ್ರಹ ಇಲ್ಲ ಅಂದುಕೊಂಡಿದ್ದೆ, ಆದರೆ ಚಿತ್ರದಲ್ಲಿ ಆ ಹುಡುಗ ಅಪ್ಪನನ್ನು ‘ಡ್ಯಾಡಿ’ ಅಂತ ಕರೆದಾಗ ನನಗೆ ಕಸಿವಿಸಿಯಾಯಿತು ಎಂದ. ಯಾಕೆ ಅಂತ ಕೇಳಿದರೆ, ನನ್ನ ಮಗನೂ ನನ್ನನ್ನು ಹಾಗೇ ಕರೆಯುತ್ತಾನೆ ಎಂದನಂತೆ.

ಆ ಮಾತನ್ನು ಬಿಡಿಸಿ ನೋಡಿ. ಅವನು ದೊಣ್ಣೆ ಹಿಡಿದವನಲ್ಲ, ಸ್ಮಶಾನದ ಬಾಗಿಲು ಹಾಕಿದವನಲ್ಲ. ಓದಿದವನು, ಸಭ್ಯ. ಆದರೂ ಕಪ್ಪು ಮಗು ತನ್ನ ಮಗುವಿನ ಹಾಗೇ ಅಪ್ಪನನ್ನು ಕೂಗುತ್ತದೆ ಎಂಬುದು ಅವನಿಗೆ ಹೊಸ ಸುದ್ದಿ! ಇಡೀ ಒಂದು ಜನಾಂಗದ ಮನೆಯೊಳಗೆ ಅಪ್ಪ ಮಗ ಇರುತ್ತಾರೆ ಎಂಬುದೇ ಅವನ ತಲೆಗೆ ಹೊಳೆದಿರಲಿಲ್ಲ. ಯಾಕೆ ಹೊಳೆಯಬೇಕು? ಅವನು ನೋಡಿದ ಸಿನಿಮಾಗಳಲ್ಲಿ ಆ ಮನೆ ಇರಲೇ ಇಲ್ಲವಲ್ಲ. ಅವತ್ತು ಸಿಸಿಲಿ ತೀರ್ಮಾನ ಮಾಡಿದಳು, ಬರೀ ನಟಿಯಾಗಿರುವ ಐಷಾರಾಮ ನನಗಿಲ್ಲ ಎಂದು.

ಅದರ ಮೊದಲ ಫಲ 1974ರ ಜನವರಿ 31ರಂದು ಸಿ.ಬಿ.ಎಸ್.ನಲ್ಲಿ ಬಿತ್ತರವಾದ ‘ದಿ ಆಟೋಬಯಾಗ್ರಫಿ ಆಫ್ ಮಿಸ್ ಜೇನ್ ಪಿಟ್‌ಮನ್’ ಎಂಬ ಟೆಲಿವಿಷನ್ ಚಿತ್ರ. ಗುಲಾಮಳಾಗಿ ಹುಟ್ಟಿ, 110 ವರ್ಷ ಬದುಕಿ, ನಾಗರಿಕ ಹಕ್ಕುಗಳ ಚಳವಳಿಯನ್ನು ಕಣ್ಣಾರೆ ಕಂಡ ಮುದುಕಿಯ ಕತೆ. ಮೂಲ ಕಾದಂಬರಿ ಬರೆದ ಅರ್ನೆಸ್ಟ್ ಗೇನ್ಸ್ 1933ರಲ್ಲಿ ಲೂಸಿಯಾನದ ತೋಟವೊಂದರಲ್ಲಿ, ಹಿಂದೆ ಗುಲಾಮರಿದ್ದ ಸಾಲುಮನೆಗಳಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಹೊಲದಲ್ಲಿ ದುಡಿದವನು. ಅವನ ಕಾದಂಬರಿಯಲ್ಲಿ ಆ ಹುಡುಗಿಯನ್ನು ಧಣಿಗಳು ಟೈಸಿ ಎಂದು ಕರೆಯುತ್ತಾರೆ. ದಾರಿಹೋಕ ಸೈನಿಕನೊಬ್ಬ, ಅದು ಗುಲಾಮರ ಹೆಸರು, ನಿನ್ನನ್ನು ಜೇನ್ ಅಂತ ಕರೆಯುತ್ತೇನೆ ಅನ್ನುತ್ತಾನೆ. ಆಮೇಲೆ ಧಣಿಯ ಹೆಂಡತಿ ಟೈಸಿ ಎಂದು ಕೂಗಿದರೆ ಇವಳು ಓಗೊಡುವುದಿಲ್ಲ. ಹೊಡೆತ ತಿನ್ನುತ್ತಾಳೆ, ಹೆಸರು ಬಿಡುವುದಿಲ್ಲ. ಇಲ್ಲೂ ಹೆಸರೇ!

ಆಗ ಐವತ್ತರ ಸಮೀಪದಲ್ಲಿದ್ದ ಸಿಸಿಲಿ ಹರೆಯದಿಂದ 110ರವರೆಗೆ ಆ ಹೆಂಗಸಾದಳು. ವೃದ್ಧಾಶ್ರಮಗಳಿಗೆ ಹೋಗಿ ಮುದುಕಿಯರ ಜೊತೆ ಕೂತು, ಅವರ ಕೈ ನಡುಗುವುದು, ಅವರು ಉಸಿರು ಎಳೆಯುವುದು, ಅವರು ಮಾತು ಮರೆತು ನಿಲ್ಲುವುದು ಎಲ್ಲವನ್ನೂ ಕಲಿತಳು. ಚಿತ್ರದ ಕೊನೆಯಲ್ಲಿ ವರ್ಷ 1962. ನ್ಯಾಯಾಲಯದ ಮುಂದೆ ಕುಡಿಯುವ ನೀರಿನ ಕೊಳಾಯಿ. ಅದು ಬಿಳಿಯರಿಗೆ ಮಾತ್ರ. ಪೊಲೀಸರು ನಿಂತಿದ್ದಾರೆ. ಮುದುಕಿ ಕೋಲೂರಿಕೊಂಡು ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೋಗುತ್ತಾಳೆ. ಬಗ್ಗುತ್ತಾಳೆ, ನೀರು ಕುಡಿಯುತ್ತಾಳೆ, ತಿರುಗಿ ಬರುತ್ತಾಳೆ. ಭಾಷಣವಿಲ್ಲ. ನೀರಿನ ಸುತ್ತ ಎಳೆದ ಗೆರೆಯನ್ನು ದಾಟುವುದು ಎಂದರೇನು ಎಂದು ನಮ್ಮವರಿಗೆ ಯಾರೂ ಭಾಷಾಂತರ ಮಾಡಿ ಹೇಳಬೇಕಾಗಿಲ್ಲ.

ಆ ಪಾತ್ರಕ್ಕೆ ಅವಳಿಗೆ ಎರಡು ಎಮ್ಮಿ ಪ್ರಶಸ್ತಿ ಬಂದವು. ಸಿನಿಮಾ ಮಂದಿರಕ್ಕೆ ಹೋಗಿ ಇಂಥ ಕತೆ ನೋಡದ ಲಕ್ಷಾಂತರ ಬಿಳಿಯರ ಮನೆಯ ನಡುಮನೆಗೇ ಮಿಸ್ ಜೇನ್ ಹೋಗಿ ಕೂತಳು. ಟೆಲಿವಿಷನ್ನಿನ ಶಕ್ತಿ ಇದು. ಅಲ್ಲಿಂದ ಮುಂದೆ ಅವಳ ಪಾತ್ರಗಳ ಪಟ್ಟಿಯೇ ಒಂದು ಇತಿಹಾಸದ ಪಠ್ಯ. 1977ರ ‘ರೂಟ್ಸ್’ನಲ್ಲಿ ಆಫ್ರಿಕದ ತಾಯಿ ಬಿಂಟಾ. 1978ರಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ನ ಹೆಂಡತಿ ಕರೆಟಾ. ಅದೇ ವರ್ಷ, ಗುಲಾಮಗಿರಿಯಿಂದ ತಾನು ತಪ್ಪಿಸಿಕೊಂಡು ಮತ್ತೆ ಮತ್ತೆ ಹಿಂದಿರುಗಿ ಉಳಿದವರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್. 1981ರಲ್ಲಿ, ದಡ್ಡರೆಂದು ತಳ್ಳಿದ್ದ ಮಕ್ಕಳಿಗಾಗಿ ಷಿಕಾಗೋದಲ್ಲಿ ಶಾಲೆ ತೆರೆದ ಮಾರ್ವಾ ಕಾಲಿನ್ಸ್ ಎಂಬ ಟೀಚರು. ರೆಬೆಕಾಳನ್ನು ಮಾಡಿ ಮುಗಿಸಿದ ಮೇಲೆ ಅವಳು ಟೀಚರಾದಳು.

ಈ ದಾರಿಯಲ್ಲಿ ಅವಳು ಒಂಟಿಯಲ್ಲ. 1974ರಲ್ಲಿ ಆರಂಭವಾದ ‘ಗುಡ್ ಟೈಮ್ಸ್’ ಎಂಬ ಹಾಸ್ಯಮಾಲೆಯ ನಾಯಕಿ ಎಸ್ತರ್ ರೋಲ್, ನನ್ನ ಪಾತ್ರಕ್ಕೆ ಗಂಡ ಇರಲೇಬೇಕು, ಮಕ್ಕಳಿಗೆ ಅಪ್ಪ ಇರಲೇಬೇಕು ಎಂದು ಪಟ್ಟು ಹಿಡಿದು ಆ ಅಪ್ಪನನ್ನು ಕತೆಯೊಳಕ್ಕೆ ತಂದಳು. ಮುಂದೆ ಮಾಲೆಯ ದೊಡ್ಡ ಮಗನ ಪಾತ್ರವನ್ನು ಕೋಡಂಗಿಯ ಮಟ್ಟಕ್ಕೆ ಇಳಿಸಿದಾಗ, ನಾಯಕಿಯಾಗಿದ್ದ ಅವಳೇ ಅದನ್ನು ಬಿಟ್ಟು ಹೊರಗೆ ನಡೆದಳು. ಆಮೇಲೆ ಕೆಲವು ಷರತ್ತು ಹಾಕಿ ಮರಳಿದಳು.

*

ಇಷ್ಟು ಹೇಳಿ ಹೊಗಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಸಿಸಿಲಿ ಒಲ್ಲೆ ಅಂದ ಪಾತ್ರಗಳನ್ನು ಇನ್ನೊಬ್ಬ ಬಡ ಕಪ್ಪು ನಟಿ ಮಾಡಿರುತ್ತಾಳೆ. ಅವಳ ಮನೆಯಲ್ಲೂ ಬಾಡಿಗೆ ಬಾಕಿ ಇದ್ದೀತು. ಒಬ್ಬಳ ನಿರಾಕರಣೆಯಿಂದ ಸ್ಟುಡಿಯೋದ ಧಣಿಗಳು ಬದಲಾಗುವುದಿಲ್ಲ. ಚಿತ್ರಕತೆ ಬರೆಯುವವರು, ದುಡ್ಡು ಹಾಕುವವರು, ಏನು ಬಿತ್ತರಿಸಬೇಕೆಂದು ಹೇಳುವವರು ಬಹುಮಟ್ಟಿಗೆ ಬಿಳಿಯರಾಗೇ ಉಳಿದರು. ‘ಸೌಂಡರ್’, ‘ಮಿಸ್ ಜೇನ್’ ಎರಡರ ನಿರ್ದೇಶಕರೂ ಬಿಳಿಯರೇ.

2011ರ ‘ದಿ ಹೆಲ್ಪ್’ ಚಿತ್ರದಲ್ಲಿ ಅವಳು ಕಾನ್ಸ್‌ಟಂಟೀನ್ ಎಂಬ ಮುದಿ ಮನೆಗೆಲಸದವಳಾಗಿ ಬಂದಳು. ಕತೆ ಒಬ್ಬ ಬಿಳಿಯ ಹುಡುಗಿಯದು. ಕೆಲಸದವರ ನೋವನ್ನು ಅವಳು ಪುಸ್ತಕ ಮಾಡುತ್ತಾಳೆ. ಕಪ್ಪು ಮಹಿಳಾ ಇತಿಹಾಸಕಾರರ ಸಂಘ ಆ ಚಿತ್ರವನ್ನು ಖಂಡಿಸಿ ಹೇಳಿಕೆ ಹೊರಡಿಸಿತು. ಮನೆಗೆಲಸದ ಹೆಂಗಸರು ಅನುಭವಿಸಿದ ಕಿರುಕುಳ, ಅವರ ಹೋರಾಟ ಇವನ್ನೆಲ್ಲ ತೇಲಿಸಿ ‘ಮ್ಯಾಮಿ’ಯನ್ನೇ ಮತ್ತೆ ತಂದಿದ್ದೀರಿ ಎಂಬುದು ಅವರ ಆಕ್ಷೇಪ. ಆ ಆಕ್ಷೇಪ ಸರಿ ಎಂದು ನನಗೂ ಅನ್ನಿಸುತ್ತದೆ. ಎಂಬತ್ತು ದಾಟಿದ ಸಿಸಿಲಿ ಕಡೆಗೂ ಧಣಿಯ ಮನೆಗೇ ಬಂದು ನಿಂತಳಾ? ನಿಂತಳು. ಅದರೊಳಗೂ, ಮನೆಯಿಂದ ಹೊರಹಾಕಿಸಿಕೊಂಡ ಆ ಮುದುಕಿ ಬಾಗಿಲ ಗಾಜಿನ ಆಚೆ ನಿಂತು ನೋಡುವ ನೋಟದಲ್ಲಿ ಅವಳ ಅವ್ವ ಫ್ರೆಡರಿಕಾಳ ಲೋಕ ಇಣುಕುತ್ತದೆ. ಆದರೆ ಒಬ್ಬ ನಟಿಯ ನೋಟ ಇಡೀ ಕತೆಯನ್ನು ಸರಿಪಡಿಸಲಾರದು. ವೈಯಕ್ತಿಕ ಘನತೆ ದೊಡ್ಡದು, ಆದರೆ ಸಾಲದು. ಲೇಖನಿ, ಕ್ಯಾಮೆರಾ, ಹಣದ ಪೆಟ್ಟಿಗೆ ಇವೂ ಕೈಗೆ ಬರಬೇಕು.

2013ರಲ್ಲಿ, 88ನೆಯ ವಯಸ್ಸಿನಲ್ಲಿ, ಬ್ರಾಡ್‌ವೇ ರಂಗದ ‘ದಿ ಟ್ರಿಪ್ ಟು ಬೌಂಟಿಫುಲ್’ ನಾಟಕಕ್ಕೆ ಅವಳಿಗೆ ಟೋನಿ ಪ್ರಶಸ್ತಿ ಬಂತು. ಹಾರ್ಟನ್ ಫೂಟ್ 1953ರಲ್ಲಿ ಬರೆದ ಆ ನಾಟಕ ಬಿಳಿಯ ಸಂಸಾರವೊಂದರ ಕತೆಯಾಗಿಯೇ ಆಡಲ್ಪಟ್ಟಿತ್ತು. ಸಾಯುವ ಮುಂಚೆ ಹುಟ್ಟಿದೂರಿನ ಮನೆ ನೋಡಲು ಹೊರಟ ಮುದುಕಿಯ ಕತೆ. ಮನೆ ಬಯಸುವ ಹಕ್ಕು ಯಾವ ಬಣ್ಣದ ಆಸ್ತಿಯೂ ಅಲ್ಲ ಎಂದು ಕಪ್ಪು ನಟರು ಅದನ್ನು ತಮ್ಮದಾಗಿಸಿ ಆಡಿದರು. 2016ರಲ್ಲಿ ಅಧ್ಯಕ್ಷ ಒಬಾಮ ದೇಶದ ಅತ್ಯುನ್ನತ ನಾಗರಿಕ ಪದಕ ಕೊಟ್ಟ. 2018ರಲ್ಲಿ ಗೌರವ ಆಸ್ಕರ್ ಬಂತು, ‘ಸೌಂಡರ್’ ಆಗಿ 46 ವರ್ಷಕ್ಕೆ. ಅವಳ ಆತ್ಮಕತೆ 2021ರ ಜನವರಿ 26ರಂದು ಹೊರಬಂತು. ಎರಡೇ ದಿನಕ್ಕೆ, 28ರಂದು, ಅವಳು ತೀರಿಕೊಂಡಳು. 96 ವರ್ಷ. ತನ್ನ ಕತೆಯನ್ನು ತಾನೇ ಹೇಳಿ ಮುಗಿಸಿ ಹೋದಳು.

ಹ್ಯಾಟಿಯನ್ನು ಸೋತವಳು, ಸಿಸಿಲಿಯನ್ನು ಗೆದ್ದವಳು ಎಂದು ಬರೆಯುವುದು ನನ್ನ ಉದ್ದೇಶವಲ್ಲ. ಹ್ಯಾಟಿ ದೂರದ ಮೇಜಿನಲ್ಲಾದರೂ ಕೂತಳು. ಸಿಸಿಲಿ ಒಲ್ಲೆ ಎಂದು ಹೇಳಲು ಸಾಧ್ಯವಾದದ್ದು ಆ ಮೇಜು ಅಲ್ಲಿ ಇದ್ದುದರಿಂದ, ಬೀದಿಯಲ್ಲಿ ಸಾವಿರಾರು ಜನ ಲಾಠಿಗೆ ತಲೆಕೊಟ್ಟು ನಡೆದದ್ದರಿಂದ. ಒಬ್ಬರ ‘ಒಲ್ಲೆ’ಯ ಹಿಂದೆ ಬಹಳ ಜನರ ಬೆನ್ನು ಇರುತ್ತದೆ.

ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರಿಗೆ ಒಂದು ಮಾತು. ಮಕ್ಕಳ ಪುಸ್ತಕದಲ್ಲಿ, ಸಿನಿಮಾದಲ್ಲಿ, ನಾಟಕದಲ್ಲಿ ಕಸ ಗುಡಿಸುವವಳು, ಹೊಲದ ಆಳು, ಪಾತ್ರೆ ತೊಳೆಯುವವಳು ಬಂದಾಗ ಪಾಠ ನಿಲ್ಲಿಸಿ ಮಕ್ಕಳನ್ನು ಕೇಳಿ: ಇವಳ ಹೆಸರೇನು? ಸಂಜೆ ಇವಳು ಯಾರ ಮನೆಗೆ ಹೋಗುತ್ತಾಳೆ? ಪುಸ್ತಕದಲ್ಲಿ ಉತ್ತರ ಇಲ್ಲದಿದ್ದರೆ, ಉತ್ತರ ಗೊತ್ತಿರುವ ಮಕ್ಕಳು ನಿಮ್ಮ ತರಗತಿಯಲ್ಲೇ ಕೂತಿರುತ್ತಾರೆ. ಅವರ ಕೈಗೆ ಬಳಪ ಕೊಡಿ.